ಕಪಾಲದೊಳಗಿನ ಒತ್ತಡವೂ ದೃಷ್ಟಿನರವೂ: ಒಂದು ಚಾರಿತ್ರಿಕ ಅವಲೋಕನ

ವಯಸ್ಕನ ಕಪಾಲವು ಹಿಗ್ಗದ ಪೆಟ್ಟಿಗೆ. ಅದರೊಳಗೆ ಗೆಡ್ಡೆ ಬೆಳೆದರೆ ಅಥವಾ ದ್ರವವು ಶೇಖರವಾದರೆ ಒತ್ತಡವೇರುವುದು ಸಹಜ. ಈ ಏರಿಕೆಯ ಕುರುಹು ಕಣ್ಣಿನೊಳಗೆ ಗೋಚರಿಸುವುದೆಂಬ ಅರಿವು ಮೂಡಿದ ಬಗೆಯನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

1851ರಲ್ಲಿ ಹೆಲ್ಮ್‌ಹೋಲ್ಟ್ಸನು ನೇತ್ರದರ್ಶಕವನ್ನು ಪ್ರಕಟಪಡಿಸುವವರೆಗೆ ಜೀವಂತ ಕಣ್ಣಿನ ಒಳಭಿತ್ತಿ ವೈದ್ಯರಿಗೆ ಅಗೋಚರವಾಗಿತ್ತು. 1860ರಲ್ಲಿ ಬರ್ಲಿನ್ನಿನ ಫಾನ್ ಗ್ರೇಫೆಯು ಮಿದುಳುಗೆಡ್ಡೆಯ ರೋಗಿಗಳಲ್ಲಿ ದೃಷ್ಟಿನರದ ಬಿಲ್ಲೆಯು ಊದಿರುವುದನ್ನು ವರ್ಣಿಸಿ, ಅಭಿಧಮನಿಗಳ ರಕ್ತತಡೆಯೇ ಅದಕ್ಕೆ ಕಾರಣವೆಂದು ಬಗೆದನು. ಆದರೆ ದೃಷ್ಟಿನರವು ಮಿದುಳಿನದೇ ಚಾಚು. ಮಿದುಳಿನ ಪೊರೆಗಳೂ ದ್ರವವೂ ಅದನ್ನು ಕಣ್ಣುಗುಡ್ಡೆಯವರೆಗೆ ಆವರಿಸಿವೆ. 1960ರ ದಶಕದಲ್ಲಿ ಭಾರತಸಂಜಾತ ವಿಜ್ಞಾನಿ ಸೋಹನ್ ಸಿಂಗ್ ಹೈರೆ ಅವರು ಕೋತಿಗಳಲ್ಲಿ ಈ ಹೊದಿಕೆಯನ್ನು ಸೀಳಿ, ಊತವು ಇಳಿಯುವುದನ್ನು ತೋರಿಸಿದರು. ಒತ್ತಡದಿಂದ ನರತಂತುಗಳೊಳಗಿನ ದ್ರವ್ಯಸಂಚಾರವು ಬಿಲ್ಲೆಯಲ್ಲಿ ತಡೆಗೊಂಡು ತಂತುಗಳು ಉಬ್ಬುತ್ತವೆಂಬುದು 1970ರ ದಶಕದಲ್ಲಿ ಸ್ಪಷ್ಟವಾಯಿತು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಮೂಲ 1896ಕ್ಕೆ ಹೋಗುತ್ತದೆ. 1954ರಲ್ಲಿ ಅಲ್ಲಿಯೇ ಸ್ಥಾಪಿತವಾದ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. ಕಣ್ಣಿನ ವೈದ್ಯವೂ ಮಿದುಳಿನ ವೈದ್ಯವೂ ಈ ವ್ಯಾಧಿಯಲ್ಲಿ ಕೂಡಿಯೇ ನಡೆಯಬೇಕು.

ಏಕೆಂದರೆ ಆರಂಭದಲ್ಲಿ ನೋಟವು ಬಹುಮಟ್ಟಿಗೆ ಕುಂದುವುದಿಲ್ಲ. ಹೇಮಾವತಿಯ ತೀರದ ಅಕ್ಕಿಹೆಬ್ಬಾಳಿನಂತಹ ಊರಿನ ಬೇಸಾಯಗಾರನೊಬ್ಬನು ಬೆಳಗಿನ ತಲೆನೋವು, ವಾಂತಿಗಳೆಂದು ಬಂದಾಗ, ಅಕ್ಷರಫಲಕವನ್ನು ಸರಾಗವಾಗಿ ಓದಿದನೆಂಬ ಮಾತ್ರಕ್ಕೆ ಅವನನ್ನು ಹಿಂದಿರುಗಿಸಲಾಗದು, ಬಿಲ್ಲೆಯನ್ನು ನೋಡಲೇಬೇಕು. ಊತವು ದೀರ್ಘಕಾಲ ಉಳಿದರೆ ತಂತುಗಳು ನಶಿಸಿ ಬಿಲ್ಲೆ ಬಿಳಿಚಿಕೊಳ್ಳುತ್ತದೆ. ಹಾಗೆ ಅಳಿದ ದೃಷ್ಟಿ ಮರಳಿ ಬಾರದು.