ಭೂತಕಾಲದ ‘ಇ’: ಫಿನ್ನಿಶ್ ಹೋಲಿಕೆ ಮತ್ತು ಶಾಸನಗಳ ಸಾಕ್ಷ್ಯ

ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿ ದ್ರಾವಿಡ ಭಾಷೆಗಳನ್ನು ‘ಸಿಥಿಯನ್’ ವರ್ಗಕ್ಕೆ ಸೇರಿಸಿ, ಅದರೊಳಗೆ ಫಿನ್ನಿಶ್ ಬಳಗಕ್ಕೆ ಅವು ಹೆಚ್ಚು ಹತ್ತಿರವೆಂದು ಭಾವಿಸಿದರು. ಫಿನ್ನಿಶ್‌ನ ಭೂತಕಾಲ ಪ್ರತ್ಯಯ ‘ಇ’. ಕನ್ನಡದ ‘ಮಾಡಿ’ಯಲ್ಲಿಯೂ ‘ಇ’ ಇದೆ. ಈ ಸಾಮ್ಯ ಅಂಥ ನಂಟಿಗೆ ಆಧಾರವಾಗಬಲ್ಲುದೇ?

ಫಿನ್ನಿಶ್‌ನಲ್ಲಿ ‘ಇ’ ಎಲ್ಲ ಧಾತುಗಳಿಗೂ ಸಮಾನ: ‘ಸನೊನ್’ (ಹೇಳುತ್ತೇನೆ), ‘ಸನೊಯಿನ್’ (ಹೇಳಿದೆನು), ‘ಅಂತೊಯಿ’ (ಕೊಟ್ಟನು). ಕನ್ನಡದಲ್ಲಿ ಪ್ರತ್ಯಯದ ಆಯ್ಕೆ ಧಾತುವರ್ಗವನ್ನು ಅವಲಂಬಿಸಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕನ್ನಡ ಶಾಸನಗಳಲ್ಲಿ ರೂಢಿಯಾದ ಮೂರು ಕ್ರಿಯಾಪದಗಳನ್ನು ಗಮನಿಸಬಹುದು: ದಾನಕ್ಕೆ ‘ಕೊಟ್ಟಂ’, ವೀರಮರಣಕ್ಕೆ ‘ಸತ್ತಂ’, ನಿರ್ಮಾಣಕ್ಕೆ ‘ಮಾಡಿಸಿದಂ’. ಧಾತುವಿನ ಕೊನೆಯಲ್ಲಿ ‘ಇ’ ಬಂದಿರುವುದು ಮೂರನೆಯದರಲ್ಲಿ ಮಾತ್ರ. ಅಲ್ಲಿಯೂ ಕೇಶಿರಾಜನು ಭೂತಕಾಲಕ್ಕೆ ವಿಧಿಸಿದ ‘ದ’ ಅದನ್ನು ಹಿಂಬಾಲಿಸುತ್ತದೆ. ‘ಮಾಡಿತು’ ಎಂಬ ನಪುಂಸಕ ರೂಪದಲ್ಲಿ ‘ಇ’ ಒಂಟಿಯಾಗಿ ನಿಲ್ಲುತ್ತದೆ. ಮುಂದೆ ‘ಕೊಟ್ಟಂ’ ಹೋಗಿ ‘ಕೊಟ್ಟನು’ ಬಂದಾಗಲೂ ಬದಲಾದದ್ದು ಪುರುಷಪ್ರತ್ಯಯ. ‘ಕೊಟ್ಟ’ ಎಂಬ ಭೂತಕಾಲದ ಅಂಗ ಹಾಗೆಯೇ ಉಳಿಯಿತು.

ಆದುದರಿಂದ ಒಂದು ಸ್ವರದ ಸಾಮ್ಯ ಭಾಷಾಬಾಂಧವ್ಯಕ್ಕೆ ಸಾಕ್ಷಿಯಾಗದು. ಹೋಲಿಸಬೇಕಾದುದು ಧಾತುವರ್ಗಗಳ ಇಡೀ ವ್ಯವಸ್ಥೆಯನ್ನು. ಕನ್ನಡದ ಮಟ್ಟಿಗೆ ಅದರ ಕಾಲಾನುಕ್ರಮದ ದಾಖಲೆ ಇಂಥ ಊರೂರಿನ ಕಲ್ಲುಗಳಲ್ಲಿದೆ.