ಅಪ್ಪನ ಎದೆಯೊಳಗಿನ ಪುಟ್ಟ ಶ್ವಾಸಕೋಶ

2021ರ ಮೇ ತಿಂಗಳು. ಬೆಂಗಳೂರಿನಲ್ಲಿ ಆಗ ಯಾರು ಫೋನ್ ಮಾಡಿದರೂ ಒಂದೇ ಪ್ರಶ್ನೆ: "ಸಿಟಿ ಸ್ಕೋರ್ ಎಷ್ಟು?" ಪಿಯುಸಿ ಮಾರ್ಕ್ಸ್ ಕೇಳಿದ ಹಾಗೆ ಕೇಳ್ತಿದ್ರು. 25ಕ್ಕೆ 8 ಅಂದ್ರೆ ಸಮಾಧಾನ, 18 ಅಂದ್ರೆ ಆ ಕಡೆ ಮೌನ. ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಐಸಿಯುನಲ್ಲಿದ್ದ ಅಪ್ಪನಿಗೆ ಸಿಟಿ ಮಾಡಿಸಿರಲಿಲ್ಲ.

"ಡಾಕ್ಟ್ರೇ, ದುಡ್ಡಿನ ಚಿಂತೆ ಬೇಡ, ಸಿಟಿ ಮಾಡಿಸಿಬಿಡಿ" ಅಂದೆ. "ದುಡ್ಡಿನ ಪ್ರಶ್ನೆ ಅಲ್ಲ ಸರ್. ವೆಂಟಿಲೇಟರ್ ಮೇಲಿರೋರನ್ನ ಕೆಳಗಿನ ಫ್ಲೋರ್‌ವರೆಗೆ ಕರ್ಕೊಂಡು ಹೋಗಿ ಬರೋದೇ ರಿಸ್ಕು. ಅಲ್ಟ್ರಾಸೌಂಡ್‌ನಲ್ಲಿ ನೋಡಿದ್ದೀವಿ" ಅಂದರು. ಅಮ್ಮನಿಗೆ ಹೇಳಿದರೆ, "ಬಸುರಿಯರಿಗೆ ಮಾಡೋ ಸ್ಕ್ಯಾನಿಂಗು ನಿಮ್ಮಪ್ಪಂಗ್ಯಾಕೋ?" ಅಂದಳು. ಆ ಪ್ರಶ್ನೆ ಹಿಡಿದುಕೊಂಡು ಆಮೇಲೆ ನಾನು ಓದಿದ್ದೇ ಈ ಕಥೆ.

ಜರ್ಮನಿಯ ರಾಂಟ್ಜೆನ್ 1895ರ ನವೆಂಬರ್ 8ರಂದು ಎಕ್ಸ್-ರೇ ಕಂಡುಹಿಡಿದ. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಎದೆಯನ್ನು ಬಿಚ್ಚದೆಯೇ ಒಳಗೆ ನೋಡಬಹುದಾಯಿತು. 1967ರಲ್ಲಿ ಅಮೆರಿಕದ ಆಶ್‌ಬಾ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 12 ರೋಗಿಗಳ ಬಗ್ಗೆ ಬರೆದರು. ಒಬ್ಬೊಬ್ಬರ ಕಾಯಿಲೆಯ ಮೂಲ ಒಂದೊಂದು, ಆದರೆ ಕೊನೆಗೆ ಎಲ್ಲರದ್ದೂ ಒಂದೇ ಪಾಡು. ಆಕ್ಸಿಜನ್ ಕೊಟ್ಟರೂ ರಕ್ತಕ್ಕೆ ಸೇರುತ್ತಿಲ್ಲ, ಎಕ್ಸ್-ರೇಯಲ್ಲಿ ಎರಡೂ ಕಡೆ ಬಿಳಿ. 7 ಜನ ತೀರಿಕೊಂಡರು. ಇಂದು ಎಆರ್‌ಡಿಎಸ್ ಎನ್ನುವ ಕಾಯಿಲೆಯ ಮೊದಲ ವಿವರಣೆ ಅದು.

ಎಕ್ಸ್-ರೇಗೆ ಒಂದು ಮಿತಿ ಇದೆ. ಮಲಗಿರುವ ರೋಗಿಯ ಎದೆಯ ಮುಂಭಾಗ, ಹಿಂಭಾಗ ಎರಡರ ನೆರಳೂ ಒಂದರ ಮೇಲೊಂದು ಬಿದ್ದು ಒಂದೇ ಚಿತ್ರವಾಗುತ್ತದೆ. ಎಲ್ಲವೂ ಬಿಳಿಯಾಗಿ ಕಂಡಾಗ ಇಡೀ ಶ್ವಾಸಕೋಶವೇ ಗಟ್ಟಿಯಾಗಿದೆ ಅಂತ ವೈದ್ಯರು ಅಂದುಕೊಂಡರು. ಗಟ್ಟಿಯಾದದ್ದನ್ನು ಅರಳಿಸಲು ವೆಂಟಿಲೇಟರ್‌ನಿಂದ ದೊಡ್ಡ ದೊಡ್ಡ ಉಸಿರು ತುಂಬುತ್ತಿದ್ದರು.

ಹೌನ್ಸ್‌ಫೀಲ್ಡ್‌ನ ಸಿಟಿ ಯಂತ್ರ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ತೋರಿಸಿತು. 1980ರ ದಶಕದಲ್ಲಿ ಇಟಲಿಯ ಲುಚಿಯಾನೊ ಗತ್ತಿನೋನಿ ಇಂಥ ರೋಗಿಗಳ ಎದೆಯನ್ನು ಸಿಟಿಯಲ್ಲಿ ನೋಡಿದರು. ಬ್ರೆಡ್ಡಿನ ಸ್ಲೈಸ್‌ನಂತೆ ಅಡ್ಡಕ್ಕೆ ಕೊಯ್ದ ಆ ಚಿತ್ರದಲ್ಲಿ ಬೇರೆಯೇ ಸಂಗತಿ ಇತ್ತು. ಶ್ವಾಸಕೋಶ ಪೂರ್ತಿ ಗಟ್ಟಿಯಾಗಿರಲಿಲ್ಲ. ಬೆನ್ನಿನ ಕಡೆಯ ಭಾಗ ನೀರು ಹೀರಿದ ಸ್ಪಂಜಿನ ಹಾಗೆ ಕುಸಿದಿತ್ತು. ಎದೆಯ ಕಡೆ ಒಂದಿಷ್ಟು ಭಾಗ ಮಾತ್ರ ಇನ್ನೂ ಉಸಿರಾಡುತ್ತಿತ್ತು. ಅದರ ಅಳತೆ ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟು. ಹಾಗಾಗಿ ಅದಕ್ಕೆ ‘ಬೇಬಿ ಲಂಗ್’ ಎಂಬ ಹೆಸರು ಬಂತು.

ಅಂದ್ರೆ ದೊಡ್ಡವರ ಉಸಿರನ್ನು ಮಗುವಿನ ಶ್ವಾಸಕೋಶಕ್ಕೆ ತುರುಕುತ್ತಿದ್ದರು. ಉಳಿಸುವ ಯಂತ್ರವೇ ಗಾಯ ಮಾಡುತ್ತಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳೂ ಇದನ್ನೇ ಹೇಳುತ್ತಿದ್ದವು. 2000ದಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಎತ್ತರದಿಂದ ಲೆಕ್ಕ ಹಾಕಿದ ತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಗಾಳಿ ಕೊಟ್ಟವರಲ್ಲಿ ಸುಮಾರು 40% ಜನ ಸತ್ತರೆ, 6 ಮಿಲಿಲೀಟರ್ ಕೊಟ್ಟವರಲ್ಲಿ 31%. ಹೊಸ ಔಷಧಿ ಏನೂ ಇಲ್ಲ, ಕಡಿಮೆ ಗಾಳಿ ಕೊಟ್ಟದ್ದು ಅಷ್ಟೇ.

ರೋಗಿಯನ್ನು ಬೋರಲಾಗಿ ಮಲಗಿಸಿದರೆ ಕುಸಿದಿದ್ದ ಬೆನ್ನಿನ ಭಾಗ ಮತ್ತೆ ತೆರೆದುಕೊಳ್ಳುತ್ತದೆ ಎಂಬುದನ್ನೂ ಸಿಟಿ ತೋರಿಸಿತು. 2013ರಲ್ಲಿ ಫ್ರಾನ್ಸಿನ ಗೆರಾನ್ ತಂಡ ತೀವ್ರ ಸ್ಥಿತಿಯ ರೋಗಿಗಳನ್ನು ದಿನಕ್ಕೆ 16 ಗಂಟೆಗೂ ಹೆಚ್ಚು ಹಾಗೆ ಮಲಗಿಸಿತು. 28 ದಿನಗಳೊಳಗಿನ ಸಾವು 32.8%ರಿಂದ 16%ಕ್ಕೆ ಇಳಿಯಿತು.

ಇನ್ನು ಅಮ್ಮನ ಪ್ರಶ್ನೆ. ಅಲ್ಟ್ರಾಸೌಂಡಿಗೂ ಗಾಳಿಗೂ ಆಗಿಬರುವುದಿಲ್ಲ, ಗಾಳಿ ಎದುರಾದರೆ ಶಬ್ದದ ಅಲೆ ಮುಂದೆ ಹೋಗದೆ ವಾಪಸ್ಸು ಬರುತ್ತದೆ. ಹಾಗಾಗಿ ಶ್ವಾಸಕೋಶಕ್ಕೆ ಇದು ಪ್ರಯೋಜನವಿಲ್ಲ ಅಂತಲೇ ನಂಬಿದ್ದರು. ಫ್ರಾನ್ಸಿನ ಡೇನಿಯಲ್ ಲಿಕ್ಟೆನ್‌ಸ್ಟೈನ್ ಮಾತ್ರ ಪರದೆಯ ಮೇಲಿನ ಆ ‘ಕಸದ’ ಗೆರೆಗಳನ್ನೇ ಓದಲು ಕೂತರು. ಅಡ್ಡ ಗೆರೆ ಅಂದ್ರೆ ಒಳಗೆ ಗಾಳಿ. ಉದ್ದಕ್ಕೆ ಇಳಿಯುವ ಗೆರೆಗಳು ತುಂಬಾ ಇದ್ದರೆ ನೀರು ಸೇರಿದೆ. 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಸಿರಾಟ ಕೈಕೊಟ್ಟು ಐಸಿಯು ಸೇರಿದ 260 ರೋಗಿಗಳ ಪೈಕಿ 90.5% ಜನರ ಕಾಯಿಲೆಯನ್ನು ಈ ವಿಧಾನ ಸರಿಯಾಗಿ ಗುರುತಿಸಿತ್ತು. ರೋಗಿ ಯಂತ್ರದ ಹತ್ತಿರ ಹೋಗಬೇಕಿಲ್ಲ, ಯಂತ್ರವೇ ಹಾಸಿಗೆಯ ಹತ್ತಿರ ಬರುತ್ತದೆ.

ಅವತ್ತು ರಾತ್ರಿ ಅಪ್ಪನನ್ನು ಬೋರಲು ಮಲಗಿಸಲು ಐದು ಜನ ಬೇಕಾಯಿತಂತೆ. ಮೂರು ವಾರ ಬಿಟ್ಟು ಮನೆಗೆ ಬಂದ ಅಪ್ಪ ಈಗಲೂ ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳುತ್ತಾನೆ. ಅವನ ಸ್ಕೋರ್ ಎಷ್ಟಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟು ಹಾಳಾಗಿದೆ ಅಂತ ನಾನು ಕೇಳುತ್ತಿದ್ದೆ. ಎಷ್ಟು ಉಳಿದಿದೆ, ಅದನ್ನು ಹೇಗೆ ಕಾಪಾಡೋದು ಅಂತ ಆ ಡಾಕ್ಟರು ನೋಡುತ್ತಿದ್ದರು.