ಅನ್ನದಾತ ಸುಖೀಭವ: ವರ್ಷಕ್ಕೆ 20,000 ರೂ. ನೆರವು, ಗೇಣಿದಾರರಿಗೆ ಸಿಗುತ್ತಾ?

ವಿಜಯವಾಡ: ಆಂಧ್ರಪ್ರದೇಶದ ರೈತ ಕುಟುಂಬಗಳಿಗೆ ವರ್ಷಕ್ಕೆ 20,000 ರೂ. ನೇರ ನಗದು ನೆರವು ನೀಡುವ ಯೋಜನೆಯೇ ‘ಅನ್ನದಾತ ಸುಖೀಭವ-ಪಿಎಂ ಕಿಸಾನ್’. ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು 2025ರ ಆಗಸ್ಟ್ 2ರಂದು ಪ್ರಕಾಶಂ ಜಿಲ್ಲೆಯ ದರ್ಶಿಯಲ್ಲಿ ಇದಕ್ಕೆ ಚಾಲನೆ ನೀಡಿದರು.

ಎಷ್ಟು ಹಣ?
ಕೇಂದ್ರದ ಪಾಲು 6,000 ರೂ., ರಾಜ್ಯದ ಪಾಲು 14,000 ರೂ. ಮೂರು ಕಂತುಗಳಲ್ಲಿ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಮೊದಲ ಕಂತು 7,000 ರೂ. ತಿಂಗಳಿಗೆ ಲೆಕ್ಕ ಹಾಕಿದರೆ ಒಟ್ಟು ನೆರವು ಸುಮಾರು 1,667 ರೂ. ಮಾತ್ರ. ಇದರಲ್ಲಿ ಸಂಸಾರ ನಡೆಯದು. ಆದರೆ ಮುಂಗಾರಿನ ವೇಳೆಗೆ ಕೈ ಸೇರಿದರೆ ಬೀಜ, ಗೊಬ್ಬರ, ಕೂಲಿಗಾಗಿ ಬಡ್ಡಿ ಸಾಲ ಮಾಡುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

ಗೇಣಿದಾರರ ಕಥೆ ಏನು?
ಪಿಎಂ ಕಿಸಾನ್ ಹಣ ಸಿಗುವುದು ಸ್ವಂತ ಜಮೀನು ಇರುವ ಕುಟುಂಬಗಳಿಗಷ್ಟೇ. ವಿಜಯವಾಡ ಸುತ್ತಲಿನ ಕೃಷ್ಣಾ ಮುಖಜ ಭೂಮಿಯಲ್ಲಿ ಗೇಣಿ ಬೇಸಾಯವೇ ಹೆಚ್ಚು. ಅಲ್ಲಿ ಖರ್ಚು, ನಷ್ಟ ಉಳುವವನದು. ದಾಖಲೆಯಲ್ಲಿ ಹೆಸರು ಮಾಲೀಕನದು. ಸರ್ಕಾರದ ಸೌಲಭ್ಯಕ್ಕೆ ಗೇಣಿದಾರರು 2019ರ ಕಾಯ್ದೆಯಡಿ ಸಾಗುವಳಿದಾರರ ಹಕ್ಕು ಕಾರ್ಡ್ (ಸಿಸಿಆರ್‌ಸಿ) ಪಡೆಯಬೇಕು. ಇದಕ್ಕೆ 11 ತಿಂಗಳ ಒಪ್ಪಂದ ಅಗತ್ಯ. ಮಾಲೀಕ ಸಹಿ ಹಾಕದಿದ್ದರೆ ಕಾರ್ಡೂ ಇಲ್ಲ, ನೆರವೂ ಇಲ್ಲ.